ಕಪ್ಪೆಯಕ್ಕ ಟ್ಯಾಬ್ಲೆಟ್ ಕೊಂಡದ್ದು

ಆಕೆಯನ್ನು ಬೀದಿಯವರೆಲ್ಲ ಕರೆಯುತ್ತಿದ್ದದ್ದೇ ಕಪ್ಪೆಯಕ್ಕ ಅಂತ. ತಪ್ಪು ತಿಳಿಯಬೇಡಿ, ಮುಖ ನೋಡಿ ಇಟ್ಟ ಹೆಸರಲ್ಲ, ಕೆಲಸ ನೋಡಿ ಇಟ್ಟದ್ದು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಹೊಟ್ಟೆ ಸೀಳಿಸಿಕೊಂಡು ಅಂಗಾತ ಮಲಗಿರುತ್ತದಲ್ಲ ಕಪ್ಪೆ, ಅದನ್ನು ಬರೆಯುವವಳು ಈಕೆ. ಮದುವೆಯಾಗಿ ಬಂದಾಗಿನಿಂದ ಅದೇ ಕಸುಬು. ಜಠರ, ಯಕೃತ್ತು, ಕರುಳು ಎಲ್ಲಕ್ಕೂ ಸೂಜಿಮೊನೆಯ ಪೆನ್ನಿನಲ್ಲಿ ಚುಕ್ಕಿ ಚುಕ್ಕಿ ಇಟ್ಟು ನೆರಳು ಕೊಡಬೇಕು. ಪುಸ್ತಕದಲ್ಲಿ ಎಲ್ಲೂ ಆಕೆಯ ಹೆಸರಿಲ್ಲ. ಕಪ್ಪೆಯ ಹೆಸರಿದೆ, ಅದೂ ಎರಡು ಭಾಷೆಯಲ್ಲಿ.

ಅಂಥವಳಿಗೆ ಒಂದು ದಿನ ಪ್ರೆಸ್ಸಿನ ಮ್ಯಾನೇಜರು ಫೋನ್ ಮಾಡಿದ. "ಅಕ್ಕಾ, ಇನ್ನು ಪೇಪರ್ ಮೇಲೆ ಬರೆದದ್ದು ನಡೆಯಲ್ಲ. ಕಂಪ್ಯೂಟರಲ್ಲೇ ಬರೀಬೇಕು. ಈ ತಿಂಗಳೊಳಗೆ ಒಂದು ಕಪ್ಪೆ ಬರೆದು ಕಳಿಸಿ, ನೋಡೋಣ. ಆಗಲ್ಲ ಅಂದ್ರೆ ಬೇಜಾರಿಲ್ಲ, ರೆಡಿಮೇಡ್ ಚಿತ್ರ ತರಿಸ್ಕೋತೀವಿ" ಅಂದುಬಿಟ್ಟ.

ಬೇಜಾರಿಲ್ಲವಂತೆ! ಅವನಿಗೇನು ಬೇಜಾರು? ಸಂಬಳ ಹೋದರೆ ಹೇಗೋ ಆಗುತ್ತದೆ. ಆದರೆ ಈ ಕೈ ಇನ್ನು ಯಾರಿಗೂ ಬೇಡವೆಂದರೆ? ಆಕೆಗೆ ನಿಜವಾಗಿ ಹೆದರಿಕೆಯಾಯಿತು. ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಅತ್ತೆ ಕಂಡರು, ವಿಷಯ ಕೇಳಿದರು. "ಅಳೋದು ಆಮೇಲೆ. ನಡಿ ಕಂಪ್ಯೂಟರ್ ಅಂಗಡಿಗೆ" ಅಂತ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಸಾಮಾನು ಕೊಳ್ಳುವುದರಲ್ಲಿ ಅತ್ತೆಯದು ಎತ್ತಿದ ಕೈ. ಅವರ ಪರೀಕ್ಷೆ ಒಂದೇ, ಎತ್ತಿ ನೋಡುವುದು. ಭಾರವಿದ್ದರೆ ಸಾಮಾನು, ಹಗುರವಿದ್ದರೆ ಮೋಸ. ಇಸ್ತ್ರಿಪೆಟ್ಟಿಗೆ, ಬೀಗ, ಸೊಸೆ ಎಲ್ಲವನ್ನೂ ಹಾಗೇ ಆರಿಸಿದ್ದು ಅಂತ ಮಾವ ಬದುಕಿದ್ದಾಗ ತಮಾಷೆ ಮಾಡುತ್ತಿದ್ದರು.

ಅಂಗಡಿಯಾತ ಮೊದಲು ತೆಳ್ಳನೆಯ ಕರಿ ಹಲಗೆಯಂಥ ಟ್ಯಾಬ್ಲೆಟ್ ಒಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದ. "ಇದರ ಮೇಲೆ ಬರೀರಿ ಮೇಡಂ, ಚಿತ್ರ ಅಲ್ಲಿ ಸ್ಕ್ರೀನ್ ಮೇಲೆ ಬರುತ್ತೆ."

ಅತ್ತೆ ಎತ್ತಿ ನೋಡಿದರು. "ತರಗೆಲೆ ಇದ್ದ ಹಾಗಿದೆ."

ಕಪ್ಪೆಯಕ್ಕನಿಗೆ ಒಂದು ಅಭ್ಯಾಸ. ಗೆರೆ ಬಾಗುವ ಕಡೆ ಆಕೆ ಕೈ ಬಾಗಿಸುವವಳಲ್ಲ, ಎಡಗೈಯಲ್ಲಿ ಕಾಗದವನ್ನೇ ತಿರುಗಿಸುವವಳು. ಗೆರೆ ಯಾವಾಗಲೂ ತನ್ನ ಕಡೆಗೇ ಬರಬೇಕು. ಒಂದು ಕಪ್ಪೆ ಮುಗಿಯುವಷ್ಟರಲ್ಲಿ ಕಾಗದ ಬುಗುರಿಯ ಹಾಗೆ ಸುತ್ತಿರುತ್ತದೆ. ಇಲ್ಲೂ ಹಾಗೇ ಟ್ಯಾಬ್ಲೆಟ್ಟನ್ನು ತಿರುಗಿಸಿ ಗೆರೆಯೆಳೆದಳು. ತೊಡೆ ಬರೆಯಹೋದರೆ ಗೆರೆ ಪಕ್ಕಕ್ಕೆ ಓಡಿತು. ಇನ್ನಷ್ಟು ತಿರುಗಿಸಿದಳು, ಕಾಲು ತಲೆಯ ಮೇಲೆ ಹತ್ತಿ ಕೂತಿತು. ರಬ್ಬರಿನ ಪುಡಿ ಇದೆಯೇನೋ ಅನ್ನುವ ಹಾಗೆ ಉಫ್ ಅಂತ ಊದಿ ನೋಡಿದಳು.

"ಅಯ್ಯೋ, ಅದನ್ನ ತಿರುಗಿಸಬಾರದು ಮೇಡಂ! ನೆಟ್ಟಗಿಟ್ಟೇ ಬರೀಬೇಕು."

"ತಿರುಗಿಸದೆ ಬರೆಯೋದು ಹೇಗೆ?" ಆಕೆ ಪಾಪ, ಗೊತ್ತಾಗದೆಯೇ ಕೇಳಿದ್ದು. ಆತನಿಗೂ ಗೊತ್ತಿರಲಿಲ್ಲ. ಒಳಗೆ ಹೋಗಿ, ಸ್ಕ್ರೀನ್ ತನ್ನಲ್ಲೇ ಇರುವ ಇನ್ನೊಂದು ಟ್ಯಾಬ್ಲೆಟ್ ತಂದ. ಬರೆದದ್ದು ಬರೆದಲ್ಲೇ ಕಾಣುವಂಥದ್ದು.

ಅತ್ತೆ ಎರಡೂ ಕೈಯಲ್ಲಿ ಎತ್ತಿದರು. ಮುಖ ಅರಳಿತು. "ಇದು ನೋಡು ಸಾಮಾನು ಅಂದ್ರೆ!" ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟರು. "ಕಪ್ಪೆ ಬರೆಯೋಕಾ, ಇಲ್ಲಾ ಕಪ್ಪೆಗೆ ಬಂಗಲೆ ಕಟ್ಟಿಸೋಕಾ?"

ಕಪ್ಪೆಯಕ್ಕನಿಗೆ ಅದೊಂದೂ ಕೇಳಿಸಲಿಲ್ಲ. ಟ್ಯಾಬ್ಲೆಟ್ ತಿರುಗಿಸಿದರೆ ಕಪ್ಪೆಯೂ ಜೊತೆಗೇ ತಿರುಗುತ್ತಿತ್ತು! ತಲೆಯಾಯಿತು, ತೊಡೆಯಾಯಿತು, ಬೆರಳುಗಳಾದವು. ಸುತ್ತುತ್ತ ಸುತ್ತುತ್ತ ಅದರ ವೈರು ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡು, ಕ್ಯಾಲ್ಕುಲೇಟರು, ಅಂಗಡಿಯಾತನ ಕನ್ನಡಕ ಎಲ್ಲವನ್ನೂ ಗುಡಿಸಿಕೊಂಡು ನೆಲಕ್ಕೆ ಕೆಡವಿತು.

ಕನ್ನಡಕ ಹೆಕ್ಕಿಕೊಂಡ ಆತ, ವ್ಯಾಪಾರ ಕುದುರಿತೆಂಬ ಹುರುಪಿನಲ್ಲಿ, "ಚುಕ್ಕಿ ಇಡೋ ಕಷ್ಟಾನೂ ಇಲ್ಲ ಮೇಡಂ" ಅಂದವನೇ ಎಲ್ಲೋ ಒತ್ತಿ ಪೆನ್ನನ್ನು ಒಮ್ಮೆ ಸವರಿದ. ಕಪ್ಪೆಯ ಹೊಟ್ಟೆ ತುಂಬ ಚುಕ್ಕಿಗಳು ಬಿದ್ದವು.

ಕಪ್ಪೆಯಕ್ಕ ಮೇಜಿನಿಂದ ಹಿಂದೆ ಸರಿದಳು. ಇಷ್ಟೇನಾ? ಬೆನ್ನು ಬಗ್ಗಿಸಿ, ಕಣ್ಣು ಕೆಂಪಗಾಗಿಸಿಕೊಂಡು ಅಷ್ಟು ವರ್ಷ ಇಟ್ಟದ್ದು ಇಷ್ಟೇನಾ? "ನಡೀರಿ ಅತ್ತೆ, ಮನೆಗೆ ಹೋಗೋಣ" ಅಂದಳು.

ಅತ್ತೆ ಅಲ್ಲಾಡಲಿಲ್ಲ. ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. "ಏನಪ್ಪಾ ಇದು? ಕಪ್ಪೆಗೆ ಮೈತುಂಬ ಬೆವರುಸಾಲೆ ಎದ್ದಿದೆಯಲ್ಲ! ಇವಳು ಬರೆದ ಕಪ್ಪೆ ಹೊಟ್ಟೆ ಹೀಗಿರಲ್ಲ. ದುಂಡಗಿರುತ್ತೆ. ಈಗ ತಾನೇ ಏನೋ ತಿಂದು ಮಲಗಿದ ಹಾಗಿರುತ್ತೆ. ನನಗೆ ಒಂದೊಂದ್ಸಲ ಮುಟ್ಟಿ ನೋಡೋಣ ಅನ್ನಿಸಿದ್ದಿದೆ."

ಸೊಸೆ ಕಕ್ಕಾಬಿಕ್ಕಿಯಾದಳು. ಮನೆಯಲ್ಲಿ ಅತ್ತೆ ಇವಳ ಮೇಜಿನ ಮೇಲಿನ ಕಾಗದಗಳನ್ನು ಸರಿಸಿ ತರಕಾರಿ ಹೆಚ್ಚುತ್ತಿದ್ದವರು, ಕಪ್ಪೆ ಕಂಡರೆ ಮುಖ ಸಿಂಡರಿಸುತ್ತಿದ್ದವರು. ಅವರು ಯಾವಾಗ ಇಷ್ಟೆಲ್ಲ ನೋಡಿದ್ದರು?

"ಆ ಚುಕ್ಕಿ ಎಲ್ಲ ಅಳಿಸಪ್ಪ. ಅವಳೇ ಇಡ್ತಾಳೆ. ಬೆಲೆ ಒಂಚೂರು ನೋಡಿ ಹೇಳು" ಅಂದರು ಅತ್ತೆ. ಆತ ಬೆವರಿ ಬೇಸತ್ತು ಒಪ್ಪುವವರೆಗೂ ಬಿಡಲಿಲ್ಲ.

ಟ್ಯಾಬ್ಲೆಟ್ ಮನೆಗೆ ಬಂತು. ಕಪ್ಪೆಯಕ್ಕ ತಿರುಗಿಸುವುದು, ಚುಕ್ಕಿ ಇಡುವುದು, ಅತ್ತೆ ಪಕ್ಕದಲ್ಲಿ ಕೂತು ಸುತ್ತಿಕೊಂಡ ವೈರು ಬಿಡಿಸುವುದು. ಮೊದಲ ಕಪ್ಪೆ ಆಲೂಗಡ್ಡೆಯಂತಾಯಿತು, ಮುಂದಿನದಕ್ಕೆ ಮೆಳ್ಳೆಗಣ್ಣು. ಕೈಗೆ ಪೆನ್ನು ಒಗ್ಗುವಷ್ಟರಲ್ಲಿ ತಿಂಗಳು ಮುಗಿಯುತ್ತ ಬಂತು. ಕೊನೆಗೊಂದು ಕಪ್ಪೆ, ಹೊಟ್ಟೆ ದುಂಡಗೆ, ಪ್ರೆಸ್ಸಿಗೆ ಹೋಯಿತು.

ಸಂಜೆ ಫೋನು ಬಂತು. ಮ್ಯಾನೇಜರು ಕೆಂಡವಾಗಿದ್ದ. "ನಾನು ಹೇಳಿದ್ದೇನು ಅಕ್ಕಾ, ನೀವು ಮಾಡಿದ್ದೇನು? ಹಳೇ ಪೇಪರ್ ಕಪ್ಪೇನೇ ಸ್ಕ್ಯಾನ್ ಮಾಡಿ ಕಳಿಸಿದ್ದೀರಲ್ಲ! ಇಷ್ಟು ವರ್ಷ ಇದನ್ನೇ ನೋಡಿಕೊಂಡು ಬಂದಿದ್ದೀನಿ, ಗೊತ್ತಾಗಲ್ವಾ ನಂಗೆ? ಒಂದೊಂದು ಚುಕ್ಕೀನೂ ನಿಮ್ಮ ಕೈದೇ!"

ಆಕೆಗೆ ಅಳು ಬಂತೋ ನಗು ಬಂತೋ, ಎರಡೂ ಒಟ್ಟಿಗೇ ಬಂದವು. ಬೈಸಿಕೊಂಡು ಹೊಟ್ಟೆ ಇಷ್ಟು ತಣ್ಣಗಾದದ್ದು ಅದೇ ಮೊದಲು.

"ಹೌದು ಸಾರ್, ನನ್ನ ಕೈದೇ" ಅಂದಳು. "ನಾಳೆ ಬಂದು ನಿಮ್ಮೆದುರಿಗೇ ಇನ್ನೊಂದು ಬರೀತೀನಿ. ಪಕ್ಕದಲ್ಲಿ ಒಂದು ಕುರ್ಚಿ ಹಾಕ್ಸಿಡಿ, ನಮ್ಮತ್ತೇನೂ ಬರ್ತಾರೆ."