ವ್ಯಾಕ್ಯೂಮಿನೊಳಗಿನ ಕೊಂಬು

ಹೀಟರ್ ರಿಪೇರಿಗೆ ಹೋದ ಕಡೆ ಜಾಗ ಸ್ವಚ್ಛ ಮಾಡಿಯೇ ಹೊರಡುವುದು ನನ್ನ ಅಭ್ಯಾಸ. ಇಲ್ಲಿ ವಿದೇಶದಲ್ಲಿ, ಒಶಾವಾ ಊರಿನ ಕಡೆಯ ಒಂದು ಸಣ್ಣ ಝೂನಲ್ಲಿ ಈ ಒಳ್ಳೇ ಅಭ್ಯಾಸವೇ ನನ್ನನ್ನು ಸಿಕ್ಕಿಸಿತು. ಘೇಂಡಾಮೃಗದ ಕೊಠಡಿಯ ಹೀಟರ್ ಸರಿಮಾಡಿ, ನೆಲದ ಧೂಳನ್ನೆಲ್ಲ ವ್ಯಾಕ್ಯೂಮಿಗೆ ಎಳೆದು ಬಾಗಿಲಿಗೆ ಬಂದರೆ, ಆ ಪ್ರಾಣಿಯನ್ನು ನೋಡಿಕೊಳ್ಳುವ ಹೆಂಗಸು ಅಡ್ಡ ನಿಂತಳು.

"ಆ ಧೂಳು ಹೊರಗೆ ಹೋಗುವಂತಿಲ್ಲ. ವ್ಯಾಕ್ಯೂಮ್ ಬಿಚ್ಚಿ."

"ಯಾಕೆ ಮೇಡಂ?"

"ಇವನು ಕಂಬಿಗೆ ಕೊಂಬು ಉಜ್ಜುತ್ತಾನೆ. ಆ ಪುಡಿ ಅದರಲ್ಲಿದೆ. ಔಷಧಿ ಅಂತ ಕೊಳ್ಳುವವರಿದ್ದಾರೆ. ಅವರಿಗೆ ರುಚಿ ಹತ್ತಿದರೆ ಕಾಡಿನಲ್ಲಿ ಇನ್ನೊಂದಕ್ಕೆ ಗುಂಡು ಬೀಳುತ್ತದೆ."

"ನಿಜಕ್ಕೂ ಔಷಧಿಯಾ?"

"ನಿಮ್ಮ ಉಗುರು ಎಷ್ಟು ಔಷಧಿಯೋ ಅಷ್ಟೇ. ಕೊಂಬು, ಉಗುರು ಎರಡೂ ಒಂದೇ ವಸ್ತು."

ಧೂಳನ್ನೆಲ್ಲ ಜರಡಿ ಹಿಡಿದಳು. ಆಮೇಲೆ ನನ್ನ ಬೂಟು ಎತ್ತಿಸಿ, ಅಡಿಯ ಸಂದುಗಳನ್ನು ಹಳೇ ಟೂತ್‌ಬ್ರಷ್ಷಿನಿಂದ ಕೆರೆದಳು. ಲಾಳ ಹೊಡೆಸಿಕೊಳ್ಳುವ ಕುದುರೆಯ ಹಾಗೆ ನಾನು ಒಂಟಿ ಕಾಲಲ್ಲಿ ನಿಂತಿದ್ದೆ. ಸಿಕ್ಕ ಚಿಟಿಕೆ ಪುಡಿಯನ್ನು ಡಬ್ಬಿಗೆ ಹಾಕಿ, ಕಪಾಟಿಗೆ ಬೀಗ ಜಡಿದಳು. ಅಷ್ಟರಲ್ಲಿ ಘೇಂಡಾಮೃಗ ಮತ್ತೆ ಕಂಬಿಗೆ ಕೊಂಬು ಉಜ್ಜತೊಡಗಿತ್ತು.

ಮನೆಗೆ ಬಂದು ಧಾರವಾಡಕ್ಕೆ ಫೋನ್ ಮಾಡಿ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಯಾರಾದರೂ ಒಯ್ದು ಮಾಟ ಮಾಡಿಸಿಯಾರು ಅಂತ ನಾವು ಕತ್ತರಿಸಿದ ಉಗುರನ್ನೆಲ್ಲ ಮಣ್ಣಲ್ಲಿ ಹುಗಿಸುತ್ತಿದ್ದವಳು ಅವಳು. ನಾವು ನಗುತ್ತಿದ್ದೆವು.

"ನೋಡಪಾ, ಆಕಿಗೆ ಗೊತ್ತೈತಿ," ಅಂದಳು ಅವ್ವ. "ಉಗುರು ಮಂದಿ ಕೈಗೆ ಸಿಕ್ಕರ ಜೀವಕ್ಕ ಕುತ್ತು."

ಅವ್ವ ಅಷ್ಟು ವರ್ಷ ಹೇಳಿದ್ದು ನಿಜವೇ. ಪ್ರಾಣಿ ಮಾತ್ರ ಬೇರೆ.