ಸಮುದ್ರದ್ದು ಸಮುದ್ರಕ್ಕೆ

ಕಸದ ಗಾಡಿ ಹಾಡು ಹಾಕಿಕೊಂಡು ಬಂದು ನಮ್ಮ ಗೇಟಿನೆದುರು ನಿಂತಿತು. ನಾನು ಒಣಕಸದ ಬಕೆಟ್ಟು ಹಿಡಿದು ಹೋದೆ. ಯಾರೋ ಮೀನು ತಂದ ಪ್ಲಾಸ್ಟಿಕ್ ಚೀಲಗಳನ್ನು ತೊಳೆಯದೆ ಗಾಡಿಗೆ ಎಸೆದಿದ್ದರು. ಮೀನಿನ ಲೋಳೆ ಪ್ಲಾಸ್ಟಿಕ್ಕಿನ ಮೇಲೆ ಬಿಸಿಲಿಗೆ ಒಣಗಿದಾಗ ಒಂದು ವಾಸನೆ ಬರುತ್ತದೆ. ಅದು ಕೊಳೆತ ವಾಸನೆಯಲ್ಲ. ಉಪ್ಪು, ಸ್ವಲ್ಪ ಡೀಸೆಲ್ಲು, ಕಾದ ನೈಲಾನು... ಬಿಡಿಸಿ ಹೇಳಹೋದರೆ ಸರಿಯಾಗುವುದಿಲ್ಲ. ಗಾಡಿಯವನು, "ಹಾಕಿ ಬಾಯೋರೆ, ಮುಂದೆ ಹೋಗ್ಬೇಕು" ಎಂದ. ನಾನು ನಿಂತೇ ಇದ್ದೆ. ಎಷ್ಟೋ ವರ್ಷಗಳ ಹಿಂದೆ ಕಾರವಾರದ ಬಂದರಿನ ಪಕ್ಕದ ಬೈತಖೋಲದ ಒಂದು ಅಂಗಳದಲ್ಲಿ ಈ ವಾಸನೆ ಬೆಳಿಗ್ಗೆ ಸಂಜೆ ನನ್ನ ಕೋಣೆಯ ಕಿಟಕಿಗೆ ಬರುತ್ತಿತ್ತು. ಆ ಅಂಗಳ ತಾಂಡೇಲರದ್ದು.

ಮೀನಿನ ಬೋಟು ನಡೆಸುವವರನ್ನು ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಬೋಟಿನ ಮಾಲಕ ಬೇರೆ ಇರುತ್ತಾನೆ, ಅವನು ದಡದಲ್ಲಿರುತ್ತಾನೆ. ನೀರಿನ ಮೇಲೆ ಹೇಳುವವನು ಕೇಳುವವನು ಎಲ್ಲ ತಾಂಡೇಲನೇ. ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನನ್ನ ಊರು ಅಂಕೋಲೆಯ ಭಾವಿಕೇರಿ. ಕಾರವಾರದ ಒಂದು ಹೈಸ್ಕೂಲಿನಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಶನಿವಾರ ಬಸ್ಸು ಹಿಡಿದು ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ಮರಳುತ್ತಿದ್ದೆ. ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು.

ತಾಂಡೇಲರದು ಮಾತು ಕಡಿಮೆ. ಎಂಜಿನ್ನಿನ ಸದ್ದಿನಲ್ಲಿ ಬದುಕು ಕಳೆದು ಕಿವಿ ಮಂದವಾಗಿತ್ತು. ಹೆಂಡತಿ ಮೀನು ಪೇಟೆಯಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದು ಮಾಡಿಕೊಂಡವರು, ಹಾಗಾಗಿ ಸಂಸಾರಕ್ಕೆ ತೊಂದರೆಯಾಗಿರಲಿಲ್ಲ. ಮಳೆಗಾಲದಲ್ಲಿ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಆಗ ಅವರು ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಿದ್ದರು, ಬೇಸರ ಬಂದರೆ ಟೀವಿಯ ಮುಂದೆ ಕೂರುತ್ತಿದ್ದರು. ಟೀವಿಯ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ.

ಅಂಥ ಒಂದು ಮಳೆಯ ಭಾನುವಾರ, ಊರಿಗೆ ಹೋಗಲಾಗದೆ, ನಾನು ಬಾಡಿಗೆ ಅಂಗಡಿಯಿಂದ ಒಂದು ಸಿನಿಮಾದ ಡಿಸ್ಕು ತಂದೆ. ಅನಿಮೇಶನ್ ಸಿನಿಮಾ. ಶಾಲೆಯ ಮಕ್ಕಳಿಗೆ ತೋರಿಸುವ ಮೊದಲು ನಾನೊಮ್ಮೆ ನೋಡಬೇಕಿತ್ತು, ನನ್ನಲ್ಲಿ ಟೀವಿ ಇರಲಿಲ್ಲ, ತಾಂಡೇಲರ ಟೀವಿಯಲ್ಲೇ ಹಾಕಿದೆ. ಮನುಷ್ಯರು ಭೂಮಿಯನ್ನು ಕಸ ಮಾಡಿ ಬಿಟ್ಟುಹೋಗಿದ್ದಾರೆ. ರೋಬೋಟೊಂದು ಹಿಂದೆ ಉಳಿದು ಆ ಕಸವನ್ನು ಒಟ್ಟುತ್ತಲೇ ಇರುತ್ತದೆ. ಕತೆ ಅಷ್ಟೇ. ಬಹುಪಾಲು ಮಾತೇ ಇರಲಿಲ್ಲ. ತಾಂಡೇಲರು ಬಲೆಯ ಸೂಜಿ ಕೈಯಲ್ಲಿ ಹಿಡಿದುಕೊಂಡೇ ಬಂದು ಬಾಗಿಲಿಗೆ ಒರಗಿ ನಿಂತರು, ಆಮೇಲೆ ಕೂತರು. ಒಂದು ಕಡೆ ದೊಡ್ಡ ಹಡಗುಗಳು ಒಣನೆಲದ ಮೇಲೆ ಮಗ್ಗುಲಾಗಿ ಬಿದ್ದಿರುವುದನ್ನು ತೋರಿಸುತ್ತಾರೆ.

"ಅಕ್ಕೋರೆ, ನಿಲ್ಸಿ" ಎಂದರು. ನಮ್ಮ ಕಡೆ ಶಾಲೆಯ ಟೀಚರನ್ನು ಕರೆಯುವುದು ಹಾಗೆ. "ಇಲ್ಲಿ ಸಮುದ್ರ ಇತ್ತಲ್ಲ, ಎಲ್ಲಿ ಹೋಯ್ತು?"

"ಅದು ಕತೆ, ತಾಂಡೇಲರೆ" ಎಂದು ಜೋರಾಗಿ ಹೇಳಿದೆ.

"ಕತೆನೇ. ಆದ್ರೂ ಎಲ್ಲಿ ಹೋಯ್ತು?"

ಆ ವಾರ ಅವರು ಸಿನಿಮಾವನ್ನು ಮತ್ತೆ ಮತ್ತೆ ನೋಡಿದರು. ಹೆಂಡತಿ ಒಳಗಿಂದ, "ಶಾಳೆಗೆ ಹೋಗದವ್ರು ಈಗ ಹೊರಟ್ರು ನೋಡಿ" ಎಂದು ನಗುತ್ತಿದ್ದರು. ಒಂದು ಸಂಜೆ ನಾನು ಶಾಲೆಯಿಂದ ಬಂದು ಕೊಡೆ ಮಡಚುತ್ತಿರುವಾಗ ತಾಂಡೇಲರು ಜಗಲಿಯಿಂದ ಕರೆದರು. ಅವರ ಅಪ್ಪ ಕಲಿಸಿದ್ದೊಂದು ರೀತಿಯಿತ್ತಂತೆ. ಬಲೆಗೆ ಮೀನಲ್ಲದ್ದು ಏನೇ ಬರಲಿ, ಕಲ್ಲು, ಶಂಖ, ಮರದ ತುಂಡು, ಅದನ್ನು ಹಣೆಗೆ ಮುಟ್ಟಿಸಿ ನೀರಿಗೆ ಬಿಡಬೇಕು. ಸಮುದ್ರದ್ದು ಸಮುದ್ರಕ್ಕೆ. ಮೀನು ಮಾತ್ರ ನಮಗೆ ಕೊಟ್ಟದ್ದು, ಉಳಿದದ್ದು ಅದರ ಸಂಸಾರ. ಅವರ ಬೋಟಿನಲ್ಲಿ ದುಡಿಯುವ ಖಲಾಸಿಗಳೆಲ್ಲ ಹಾಗೆಯೇ ಮಾಡುತ್ತಿದ್ದರು. ವರ್ಷಗಳು ಕಳೆದಂತೆ ಬಲೆಗೆ ಕಲ್ಲು ಶಂಖ ಕಡಿಮೆಯಾಗಿ ಬಾಟಲಿ, ಚೀಲ, ಹರಿದ ಬಲೆ ಬರತೊಡಗಿದವು. ರೀತಿ ಮಾತ್ರ ಅದೇ ನಡೆಯಿತು.

"ಚಪ್ಪಲೀನೂ ಹಣೆಗೆ ಮುಟ್ಟಿಸಿ ಬಿಟ್ಟಿದ್ದೇವೆ, ಅಕ್ಕೋರೆ" ಎಂದರು.

"ಎಡಗಾಲಿಂದೋ ಬಲಗಾಲಿಂದೋ?" ಅಡುಗೆಮನೆಯಿಂದ ಹೆಂಡತಿ ಕೇಳಿದರು. ನಾನು ನಕ್ಕೆ. ತಾಂಡೇಲರು ನಗಲಿಲ್ಲ, ಅವರಿಗೆ ಕೇಳಿಸಿರಲಿಕ್ಕೂ ಇಲ್ಲ.

ಶ್ರಾವಣದ ನೂಲುಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟುಗಳು ಹೊರಟವು. ತಾಂಡೇಲರು ಮೊದಲ ಸಲ ಮರಳಿದಾಗ ಬೆನ್ನ ಮೇಲೆ ಒಂದು ಗೋಣಿಚೀಲವಿತ್ತು. ಅದರಲ್ಲಿ ಬಲೆಗೆ ಬಂದ ಪ್ಲಾಸ್ಟಿಕ್ಕು. ನೀರಿಗೆ ಏನನ್ನೂ ವಾಪಸು ಬಿಡಬಾರದೆಂದು ಬೋಟಿನಲ್ಲಿ ಹೇಳಿದ್ದರಂತೆ. ಆಮೇಲೆ ಪ್ರತಿಸಲವೂ ಚೀಲ ಬಂತು. ಅಂಗಳದ ಗೋಡೆಗೆ ತಾಗಿಸಿ, ಕಟ್ಟಿಗೆ ಪೇರಿಸುವ ಹಾಗೆ ಪೇರಿಸಿದರು. ಆಗಿನ್ನೂ ಮನೆಮನೆಗೆ ಕಸದ ಗಾಡಿ ಬರುವ ರೂಢಿ ಇರಲಿಲ್ಲ. ಗುಜರಿಯವನು ಬಂದು ಮೂಗು ಹಿಡಿದು, "ಲೋಳೆ ಹತ್ತಿದ್ದು ಯಾರೂ ತಕ್ಕೊಳ್ಳೂದಿಲ್ಲ" ಎಂದು ಹೋದ. ತಾಂಡೇಲರು ಬಾವಿಯ ನೀರು ಸೇದಿ ತೊಳೆದರು. ತೊಳೆದರೂ ವಾಸನೆ ಹೋಗಲಿಲ್ಲ.

"ಮಂದಿ ಗಂಡಂದಿರು ಮನೆಗೆ ಬಂಗಡೆ ತರ್ತ್ರು, ನಮ್ಮದು ಚಪ್ಪಲಿ ತರ್ತದೆ" ಎಂದು ಹೆಂಡತಿ ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಬಂದರಿನಲ್ಲಿ ಬೇರೆ ಬೋಟಿನವರು, "ರೋಬೋಟು ಬಂತು, ದಾರಿ ಬಿಡ್ರೋ" ಎನ್ನುತ್ತಿದ್ದರು. ಸಿನಿಮಾದ ಸಂಗತಿ ಅಷ್ಟು ಹೊತ್ತಿಗೆ ಊರಿಗೆ ಗೊತ್ತಾಗಿತ್ತು. ಅಷ್ಟರವರೆಗೂ ಅದು ತಮಾಷೆಯೇ.

ಆ ವರ್ಷ ಮೀನು ಬರಲಿಲ್ಲ. ಯಾವ ಬೋಟಿಗೂ ಸರಿಯಾಗಿ ಬರಲಿಲ್ಲವೆಂದು ಈಗ ನನಗೆ ನೆನಪಿದೆ. ಆದರೆ ತಾಂಡೇಲರ ಬೋಟಿನ ಖಲಾಸಿಗಳ ಕಣ್ಣೆದುರು ಇದ್ದದ್ದು ಖಾಲಿ ಬುಟ್ಟಿ ಮತ್ತು ತುಂಬಿದ ಗೋಣಿಚೀಲ. ಅವರು ಕೆಟ್ಟವರಲ್ಲ. ಹಿಡಿದ ಮೀನಿನಲ್ಲಿ ಸಿಗುವ ಪಾಲಿನಿಂದಲೇ ಅವರ ಮನೆಯ ಒಲೆ ಉರಿಯಬೇಕಿತ್ತು.

ಒಂದು ಶನಿವಾರ ಬಸ್ಸಿಗೆ ಹೊರಟವಳು ಬಂದರಿನಲ್ಲಿ ಗುಂಪು ಕಂಡು ನಿಂತೆ. ಕಂಡದ್ದನ್ನಷ್ಟೇ ಹೇಳುತ್ತೇನೆ. ತಾಂಡೇಲರು ಬೋಟಿನ ಅಂಚಿನ ಮೇಲೆ ಕೂತಿದ್ದರು. ಮಾಲಕ ಜೆಟ್ಟಿಯ ಮೇಲೆ ನಿಂತಿದ್ದ. ವಯಸ್ಸಿನಲ್ಲಿ ಕಿರಿಯ, ದನಿ ಏರಿಸುವವನಲ್ಲ. ಆದರೆ ತಾಂಡೇಲರಿಗೆ ಕೇಳಬೇಕಲ್ಲ, ಅದಕ್ಕೆ ಎಲ್ಲವನ್ನೂ ಕೂಗಿಯೇ ಹೇಳಬೇಕಾಯಿತು. ಹಾಗಾಗಿ ಬಂದರಿಗೆಲ್ಲ ಕೇಳಿಸಿತು.

"ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ, ತಾಂಡೇಲರೆ. ಇವ್ರು ನಿಮ್ಮ ಸಂಗ್ತಿಗೆ ಬೋಟು ಹತ್ತೂದಿಲ್ಲ ಅಂತ್ರು. ನಾ ಎಂತ ಮಾಡ್ಲಿ?"

"ತಕ್ಕೊಂಡದ್ದು ವಾಪಸ್ ಕೊಡೂವರೆಗೆ ಸಮುದ್ರ ನಮ್ಗೆ ಮೀನು ಕೊಡೂದಿಲ್ಲ" ಎಂದ ಹಿರಿಯ ಖಲಾಸಿ. ಅವನು ಕೈ ಮುಗಿದುಕೊಂಡಿದ್ದ.

"ಅದು ಸಮುದ್ರದ್ದಲ್ವೋ" ಎಂದರು ತಾಂಡೇಲರು. "ನಮ್ದು. ನಾವು ಬಿಸಾಕಿದ್ದು."

"ಬಲೆಗೆ ಬಂದದ್ದು ಸಮುದ್ರದ್ದೇ. ನೀವೇ ಕಲ್ಸಿದ್ದು ನಮ್ಗೆ."

ಕೊಟ್ಟು ಬನ್ನಿ, ಇಲ್ಲದಿದ್ದರೆ ಬೋಟು ಬಿಡಿ ಎಂದು ಮಾಲಕ ಹೇಳಿದ. ಬಿಟ್ಟರೆ ಇನ್ನೊಂದು ಬೋಟು ಸಿಗುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಮುದ್ರ ಮುನಿಸಿಕೊಂಡಿದೆ ಎಂದು ಹೆಸರು ಬಿದ್ದ ತಾಂಡೇಲನ ಹಿಂದೆ ಯಾವ ಖಲಾಸಿಯೂ ಹೋಗುವುದಿಲ್ಲ. ದಡದ ಮೇಲೆ ಬೇರೆ ಕೆಲಸ ಮಾಡಿ ಗೊತ್ತಿದ್ದವರೂ ಅವರಲ್ಲ. ನನಗೆ ಬಸ್ಸಿಗೆ ಹೊತ್ತಾಯಿತು. ಹೋದೆ.

ಸೋಮವಾರ ಬೆಳಿಗ್ಗೆ ಬಂದಾಗ ಅಂಗಳದಿಂದ ಚೀಲಗಳು ಹೊರಗೆ ಹೋಗುತ್ತಿದ್ದವು. ಖಲಾಸಿಗಳು ತಲೆಗೊಂದರಂತೆ ಹೊತ್ತಿದ್ದರು. ತಾಂಡೇಲರು ಕೊನೆಯ ಚೀಲದ ಬಾಯಿ ಕಟ್ಟುತ್ತಿದ್ದರು. ಎಲ್ಲಿಗೆ ಎಂದು ಕೇಳಿದೆ. ಕೇಳಿಸಲಿಲ್ಲ. ಹತ್ತಿರ ಹೋಗಿ ಮತ್ತೆ ಕೇಳಿದೆ.

"ವಾಪಸ್" ಎಂದರು.

ಹೆಂಡತಿ ಹೊಸ್ತಿಲಲ್ಲಿ ನಿಂತಿದ್ದರು.

ಮುಂದಿನದು ನಾನು ಕಂಡದ್ದಲ್ಲ, ಖಲಾಸಿಯೊಬ್ಬ ಹೇಳಿದ್ದು. ಆಳ ನೀರಿಗೆ ಹೋದ ಮೇಲೆ ತಾಂಡೇಲರು ಎಂಜಿನ್ನು ನಿಲ್ಲಿಸಿದರಂತೆ. ಚೀಲಗಳನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲವಂತೆ. ಒಂದೊಂದೇ ಚೀಲವನ್ನು ಹಣೆಗೆ ಮುಟ್ಟಿಸಿ ತಾವೇ ಬರಿದು ಮಾಡಿದರಂತೆ. ತೇಲಿದ್ದೆಲ್ಲ ಬೋಟಿನ ಸುತ್ತ ಬಹಳ ಹೊತ್ತು ಹಾಗೇ ನಿಂತಿತ್ತಂತೆ, ಗಾಳಿ ಇರಲಿಲ್ಲ.

ಆ ವಾರ ಬಂಗಡೆ ಬಂತು. ಬುಟ್ಟಿಗಳು ಸಾಲಲಿಲ್ಲ. ಬಂದರಿನಲ್ಲಿ ಖಲಾಸಿಗಳು ತಾಂಡೇಲರ ಕಾಲು ಮುಟ್ಟಿದರು. ಹಿರಿಯ ಖಲಾಸಿ ಅಳುತ್ತಿದ್ದುದನ್ನು ನಾನೇ ನೋಡಿದ್ದೇನೆ. ಮಾಲಕ ಹಾರ ತರಿಸಿ ಹಾಕಿದ. ಸಂಜೆ ತಾಂಡೇಲರು ಜಗಲಿಯಲ್ಲಿ ಕೂತಿದ್ದರು, ಹಾರ ಪಕ್ಕಕ್ಕಿತ್ತು. ನಾನು ಕೋಣೆಯ ಬೀಗ ತೆಗೆಯುತ್ತಿದ್ದೆ.

"ಎಲ್ಲ ಬೋಟಿಗೂ ಬಂದದೆ, ಅಕ್ಕೋರೆ" ಎಂದರು.

ನಾನು ಹೌದೆಂದೆ. ಅವರಿಗೆ ಕೇಳಿಸಿತೋ ಇಲ್ಲವೋ... ಮರುವರ್ಷ ನನಗೆ ಅಂಕೋಲೆಗೆ ವರ್ಗವಾಯಿತು. ಆ ಸಿನಿಮಾವನ್ನು ಮಕ್ಕಳಿಗೆ ತೋರಿಸಿದೆ. ಚಪ್ಪಾಳೆ ತಟ್ಟಿದರು.

ಈಗ ಮತ್ತೆ ವರ್ಗವಾಗಿ ಕಾರವಾರದಲ್ಲಿದ್ದೇನೆ. ಕಸದ ಗಾಡಿ ಹೋದ ಮೇಲೆ ಮನೆಯಲ್ಲಿ ಕೂರಲಾಗದೆ ಆಟೋ ಹತ್ತಿ ಮೀನು ಪೇಟೆಗೆ ಹೋದೆ. ತಾಂಡೇಲರ ಹೆಂಡತಿ ಈಗಲೂ ಅಲ್ಲಿ ಕೂರುತ್ತಾರೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಗಂಟಲು ತಗ್ಗಿಲ್ಲ. ನನ್ನ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ತಾಂಡೇಲರು ಹೋಗಿ ಎರಡು ಮಳೆಗಾಲ ಆಯಿತೆಂದರು. ಕೊನೆಯವರೆಗೂ ಅದೇ ಬೋಟಿನಲ್ಲಿದ್ದರು, ಒಳ್ಳೆಯ ಹೆಸರಿತ್ತು, ಮಲಗಿದಲ್ಲೇ ಹೋದರು. ಆಮೇಲೆ ಚಾಕು ಕೆಳಗಿಟ್ಟು, ಮೊದಲ ಬಾರಿಗೆ ದನಿ ತಗ್ಗಿಸಿ ಕೇಳಿದರು.

"ಆ ಸಲ ಬಂಗಡೆ ಬಂದಮೇಲೆ ಅವ್ರು ಮೀನು ತಿನ್ನೂದು ಬಿಟ್ರು. ನಿಮ್ಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ.

"ಹಿಡಿಯೂದು ಬಿಡ್ಲಿಲ್ಲ, ತಿನ್ನೂದು ಬಿಟ್ರು. ಹರಕೆನಾ ಅಂತ ಕೇಳ್ದೆ. ಹ್ಞೂಂ ಅಂದ್ರು. ಯಾವ ದೇವ್ರಿಗೆ ಅಂದ್ರೆ ಹೇಳ್ಲಿಲ್ಲ. ಸಾಯೂವರೆಗೂ ಬರೀ ಗಂಜಿ, ಉಪ್ಪಿನಕಾಯಿ. ಬೋಟಿನಲ್ಲೂ ಹಂಗೇ. ನಾನು ಮೀನು ಮಾರೂಳು, ನನ್ನ ಗಂಡನ ಬಟ್ಲಲ್ಲಿ ಮೀನಿಲ್ಲ."

ಹಿಂದಿನಿಂದ ಯಾರೋ ದರ ಕೇಳಿದರು. ಅವರು ಚಾಕು ಎತ್ತಿಕೊಂಡರು.