ಸಿಂದಿ ಅಂಗಡಿಯ ಗೋಡೆಯ ಬಳಿ ಹಾಡಿದವರು ಯಾರು?

2019ರ ಜೂನ್ 18, ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ಕಾರಹುಣ್ಣಿಮೆಯ ಮರುದಿನ. ಅಲ್ಲಿಯವರೆಗೆ ಇಂಥ ಸಂಗತಿ ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮ ಮುತ್ತಜ್ಜ ನೂರು ವರ್ಷದ ಹಿಂದೆ ಸವಣೂರಿನಿಂದ ಬಂಕಾಪುರಕ್ಕೆ ಹೋಗುವ ದಾರಿಯಲ್ಲಿ ಸಿಂದಿ ಅಂಗಡಿ ಇಟ್ಟಿದ್ದರಂತೆ. ಕಾರಹುಣ್ಣಿಮೆಯ ಮರುದಿನ ಗಿರಾಕಿಗಳೆಲ್ಲ ಅಲ್ಲಿ ಕೂಡಿ, ಕುಡಿದು, ಗೀಗೀ ಪದ ಹಾಡಿ, ಬಂಡಿ ಹೂಡಿಕೊಂಡು ಬಂಕಾಪುರದ ಕೋಟೆಗೆ ಬುತ್ತಿ ಉಣ್ಣಲು ಹೋಗುತ್ತಿದ್ದರು. ಈಗ ಉಳಿದಿರುವುದು ಒಂದು ಕಲ್ಲಿನ ಗೋಡೆ, ನಾಲ್ಕು ಈಚಲ ಮರ. ಆ ದಿನ ಅಲ್ಲಿ ಕಾಯಿ ಒಡೆದು ಉಣ್ಣುವ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಆ ವರ್ಷ ಹೋದವರು ನಾನು, ದೊಡ್ಡಪ್ಪ, ದೊಡ್ಡವ್ವ. ದೊಡ್ಡಪ್ಪ ಮೊದಲು ಗೀಗೀ ಮೇಳದಲ್ಲಿ ಹಿಮ್ಮೇಳದವರು. ಲಕ್ವಾ ಹೊಡೆದ ಮೇಲೆ ಒಂದು ವರ್ಷದಿಂದ ಅವರ ಬಾಯಲ್ಲಿ ಮಾತಿಲ್ಲ. ದೊಡ್ಡವ್ವ ದಿನಾ ಮುಂಜಾನೆ ಅವರೆದುರು ಕೂತು, "ಒಮ್ಮೆರ ಬೈರಿ ನನ್ನ, ನೋಡೂಣು" ಎನ್ನುತ್ತಿದ್ದಳು.

ದೊಡ್ಡಪ್ಪನನ್ನು ಗೋಡೆಯ ನೆರಳಿಗೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ದೊಡ್ಡವ್ವ ಗೋಡೆಯಾಚೆ ಬುತ್ತಿ ಬಿಚ್ಚುತ್ತಿದ್ದಳು. ಇದ್ದಕ್ಕಿದ್ದಂತೆ ದೊಡ್ಡಪ್ಪ "ಗೀಯ ಗೀಯ ಗಾಗೀಯ ಗೀಯ" ಎಂದು ಹಾಡಿದರು. ಆಮೇಲೆ ಯಾರಿಗೋ ಕಿವಿಗೊಟ್ಟವರಂತೆ ತಲೆದೂಗುತ್ತ ಸುಮ್ಮನಿದ್ದು, ಮತ್ತೆ ಹಾಡಿದರು. ಗೀಗೀ ಪದದಲ್ಲಿ ಮುಂದೆ ನಿಂತು ಹಾಡುವವನು ಒಂದು ನುಡಿ ಹಾಡಿದ ಮೇಲೆ ಹಿಮ್ಮೇಳದವರು ಹೀಗೇ ದನಿಗೂಡಿಸುತ್ತಾರೆ. ಆದರೆ ನನಗೆ ಕೇಳಿಸಿದ್ದು ದೊಡ್ಡಪ್ಪನ ದನಿ ಒಂದೇ.

ದೊಡ್ಡವ್ವ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಓಡಿಬಂದಳು. ಅಷ್ಟರಲ್ಲಿ ಅವರು ಸುಮ್ಮನಾಗಿದ್ದರು.

"ಏನ್ಲೇ ಕಳ್ಳಾ, ಪದಾ ಹಾಡಿ ಇವರ ಬಾಯಿ ಬಿಡಿಸಿದೆಲ್ಲೋ! ಇಷ್ಟ ಛಂದ ಹಾಡಾಕ ಯಾವಾಗ ಕಲ್ತಿ?"

"ನಾ ಬಾಯಿನ ತೆರದಿಲ್ಲ, ದೊಡ್ಡವ್ವಾ."

"ಸುಳ್ಳ ಹೇಳಬ್ಯಾಡ. ನನ್ನ ಕಿವೀಲೆ ಕೇಳೇನಿ."

ಎದ್ದು ಸುತ್ತ ನೋಡಿದೆ. ಹೊಲದಲ್ಲಾಗಲಿ ದಾರಿಯಲ್ಲಾಗಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮಾತು ಹೋದವರಲ್ಲೂ ಹಾಡು ಉಳಿದಿರಬಹುದು ಎಂದರು ಡಾಕ್ಟರು. ಒಪ್ಪಿದೆ. ಆದರೆ ದೊಡ್ಡವ್ವನಿಗೆ ಕೇಳಿಸಿದ ದನಿ ಯಾರದು? ಡಾಕ್ಟರಿಗೂ ಗೊತ್ತಿಲ್ಲ, ನನಗೂ ತಿಳಿದಿಲ್ಲ.

ಆಮೇಲೆ ದೊಡ್ಡಪ್ಪನ ಬಾಯಿಂದ ದನಿ ಬಂದಿಲ್ಲ. ಬೇರೆ ಪದಗಳನ್ನು ಹಾಡಿ ನೋಡಿದೆವು, ನಗುತ್ತಾರೆ ಅಷ್ಟೆ. ಅಂದು ಕೇಳಿದ್ದರಲ್ಲಿ ದೊಡ್ಡವ್ವನಿಗೆ ನೆನಪಿರುವುದು ಒಂದೇ ಸಾಲು: "ಬಂಡಿ ಹೂಡಪ್ಪ, ಬಂಕಾಪುರ ದೂರೈತಿ." ಅವಳು ಅದನ್ನು ಹಾಡಿದಾಗ ಮಾತ್ರ ದೊಡ್ಡಪ್ಪ ತಲೆಯೆತ್ತಿ, ತುಟಿ ಸಡಿಲಿಸಿ, ಮುಂದಿನ ಸಾಲಿಗೆ ಕಾಯುತ್ತಾರೆ. ಆ ಸಾಲು ಗೊತ್ತಿದ್ದವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ.